ದೇವರಗೂಡಿನ ತುತ್ತೂರಿ

ಏಕನಾಥಮ್ಮನ ಬಾಯಿಂದ ಆ ಮಾತು ಜಾರಿದ್ದು ಸ್ಟಾಫ್‌ರೂಮಿನಲ್ಲಿ, ಚಹಾ ಕುಡಿಯುವಾಗ. ಸ್ವಾತಂತ್ರ್ಯದ ಬೆಳ್ಳಿಹಬ್ಬ ಬಂದಿತ್ತು. ನಲವತ್ತೇಳರಲ್ಲಿ ಹಿರಿಯೂರಿನ ಬ್ಯಾಂಡಿನವರು ನುಡಿಸಿದ ಮಟ್ಟನ್ನು ಅವರದೇ ಹಳೆಯ ತುತ್ತೂರಿಯಲ್ಲಿ ಊದಿಸಬೇಕೆಂದು ಮುಖ್ಯೋಪಾಧ್ಯಾಯಿನಿ ಉಚ್ಚಂಗೆಮ್ಮ ಹಟ ಹಿಡಿದಿದ್ದರು.

"ಅದು ಯಲ್ಲದಕೆರೇಲಿ ಐತೆ ಮೇಡಂ, ನಾನು ತರ್ತೀನಿ" ಅಂದುಬಿಟ್ಟಳು ಏಕನಾಥಮ್ಮ. ಅವಳು ತಾತ್ಕಾಲಿಕ ಸಂಗೀತ ಟೀಚರು.

"ತಂದ್ರೆ, ನಿನ್ನ ಕೆಲಸ ಖಾಯಂ ಮಾಡ್ರಿ ಅಂತ ನಾನೇ ಮೇಲಕ್ಕೆ ಬರೀತೀನಿ" ಎಂದರು ಉಚ್ಚಂಗೆಮ್ಮ.

ಹಬ್ಬದ ಹಿಂದಿನ ದಿನ ಡ್ರಿಲ್ ಮೇಷ್ಟ್ರು ಮೂರ್ತಪ್ಪ ಕರೆಯದಿದ್ದರೂ ಜತೆಗೆ ಬಸ್ಸು ಹತ್ತಿದರು.

ಯಲ್ಲದಕೆರೆಯ ಕುರಿಗಾಹಿ ಮುದುಕಿ ಜುಂಜಮ್ಮನ ಗಂಡ ಆ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದವನು. ಅವನು ತೀರಿಕೊಂಡ ಮೇಲೆ ತುತ್ತೂರಿ ದೇವರಗೂಡು ಸೇರಿ, ಕುಂಕುಮ ಬಳಿದುಕೊಂಡು, ಸೇವಂತಿಗೆ ಮುಡಿದು, ಚೊಚ್ಚಲ ಬಾಣಂತಿಯ ಹಾಗೆ ಬೆಚ್ಚಗೆ ಕುಳಿತಿತ್ತು.

"ಗೂಡಿಗಿಟ್ಟಾಗಿಂದ ನಮ್ಮ ಕುರಿಗೆ ಒಂದು ರೋಗ ಬಂದಿಲ್ಲ. ಕರ್ಕಂಡು ಹೋಗ್ರಿ, ಬ್ಯಾಡ ಅನ್ನಲ್ಲ. ಆದ್ರೆ ವಾದ್ಯ ಇಲ್ದೆ ದೇವರು ಹೊಸ್ತಿಲು ದಾಟಲ್ಲ" ಎಂದಳು ಜುಂಜಮ್ಮ.

"ಅಜ್ಜಿ, ಅದೇ ವಾದ್ಯ ಅಲ್ವಾ?" ಎಂದಳು ಏಕನಾಥಮ್ಮ.

"ತನ್ನ ಮದುವೆಗೆ ತಾನೇ ಊದ್ಕಂತ ಹೋಗೋರು ಯಾರಿದಾರೆ ತಾಯಿ?"

ಮೂರ್ತಪ್ಪ ಹುರುಪಿನಿಂದ ಓಡಿ, ಪಕ್ಕದ ಊರಿನ ಡೊಳ್ಳಿನವರನ್ನು ಹಿಡಿದು ತರುವಷ್ಟರಲ್ಲಿ ಎರಡು ಬಸ್ಸು ತಪ್ಪಿದವು. ಮೂರನೆಯದರಲ್ಲಿ ಕಂಡಕ್ಟರು ಮುಂದಿನ ಸೀಟು ಬಿಡಿಸಿ ಊದುಬತ್ತಿ ಹಚ್ಚಿದ. ದಾರಿಯುದ್ದಕ್ಕೂ ಡೊಳ್ಳಿನ ಸದ್ದು ಕೇಳಿ ಜನ ಬಸ್ಸು ನಿಲ್ಲಿಸಿ ಕಾಯಿ ಒಡೆದರು. ಜುಂಜಮ್ಮ ತುತ್ತೂರಿಯನ್ನು ಮಡಿಲಲ್ಲಿಟ್ಟುಕೊಂಡು ಹರಸುತ್ತ ಬಂದಳು. ಪಕ್ಕದಲ್ಲಿ ಏಕನಾಥಮ್ಮ ಗಡಿಯಾರ ನೋಡುತ್ತ ಬೆವರಿದಳು. ಏಳು ವರ್ಷ ಹಾಡು ಕಲಿಸಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ, ಈ ಹಿತ್ತಾಳೆಯ ಕೊಳವೆ ಬರುತ್ತದೆಯಲ್ಲ ಎಂದು ಅವಳಿಗೆ ನಗುವೂ ಬಂತು, ಅಳುವೂ ಬಂತು.

ಶಾಲೆಯಲ್ಲಿ ಆ ಬ್ಯಾಂಡಿನವರಲ್ಲಿ ಬದುಕುಳಿದಿದ್ದ ಒಬ್ಬನೇ ಒಬ್ಬ, ಮುದುಕ ಪಾಲಯ್ಯ, ನಾಳೆಯ ತಾಲೀಮಿಗೆಂದು ಮಧ್ಯಾಹ್ನದಿಂದ ಕಾದಿದ್ದ. ತುತ್ತೂರಿ ಎತ್ತಿ ತುಟಿಯ ಹತ್ತಿರ ತಂದ. ಜುಂಜಮ್ಮನ ಕೈ ಅಡ್ಡ ಬಂತು.

"ಏನಪ್ಪ, ದೇವರನ್ನ ಎಂಜಲು ಮಾಡ್ತೀಯಾ?"

"ನಿನ್ನ ಗಂಡನೇ ಊದ್ತಿದ್ನಲ್ಲ ತಾಯಿ" ಎಂದ ಪಾಲಯ್ಯ.

"ಆಗ ಅದು ತುತ್ತೂರಿ. ಈಗ ದೇವರು."

"ನನಗೆ ಬಸ್ಸಲ್ಲೇ ಅನುಮಾನ ಇತ್ತು" ಎಂದರು ಮೂರ್ತಪ್ಪ.

ಏಕನಾಥಮ್ಮ ಉಚ್ಚಂಗೆಮ್ಮನವರ ಮುಖ ನೋಡಿದಳು, ಇವರಾದರೂ ಮುದುಕಿಗೆ ಬುದ್ಧಿ ಹೇಳಿಯಾರು ಎಂದು. ಅವರು ಚಪ್ಪಲಿ ಕಳಚಿ, ತುತ್ತೂರಿಗೆ ಕೈಮುಗಿದು, ಅದರ ಕುಂಕುಮ ತೆಗೆದು ಹಣೆಗಿಟ್ಟುಕೊಂಡರು.

"ಅಜ್ಜಿ ಹೇಳೋದು ಸರಿ, ಯಾರೂ ಮುಟ್ಟಬ್ಯಾಡ್ರಿ." ಆಮೇಲೆ ಏಕನಾಥಮ್ಮನತ್ತ ತಿರುಗಿದರು. "ದೇವರು ಬಂತು, ಸಂತೋಷ. ತುತ್ತೂರಿ ಎಲ್ಲಮ್ಮ?"