ರಾಕ್ಷಸನ ಬಾಗಿಲ ಮುಂದೊಂದು ಕಟ್ಟೆ

ರಾಕ್ಷಸನ ಮನೆಯ ಗೋಡೆಗೆ ಗಿಲಾವು ಮಾಡಿ ಬಂದ ಗೌಂಡಿಯನ್ನು ನೀವು ಯಾರಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವನು ನನ್ನ ಅವ್ವನ ಖಾಸಾ ತಮ್ಮ, ನನ್ನ ಮಾಮಾ. ಭೋಜದಿಂದ ಅಥಣಿಯವರೆಗೆ ಅವನು ಕಟ್ಟಿದ ಮನೆಗಳು ಎಷ್ಟೋ ಇವೆ. ಅವುಗಳಲ್ಲಿ ಒಂದೂ ಈತನಕ ಬಿದ್ದಿಲ್ಲ. ಬಿದ್ದವರು ಮಾತ್ರ ಒಬ್ಬರಿದ್ದಾರೆ, ಅದು ನನ್ನ ಅವ್ವ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಬುನಾದಿ ಇಲ್ಲದೆ ಗೋಡೆ ಏಳಿಸಬಾರದೆಂದು ಮಾಮಾನೇ ಕಲಿಸಿದ್ದಾನೆ.

ಶಿರಗುಪ್ಪಿಯ ನಮ್ಮ ಮನೆಯನ್ನು ಕಟ್ಟಿದವನು ಅವನೇ. ನಾನಾಗ ನಾಲ್ಕು ವರ್ಷದವಳು. ಮುಂದಿನದು ನನಗೆ ನೆನಪಿದೆಯೋ, ಕೇಳಿ ಕೇಳಿ ನೆನಪಾಗಿದೆಯೋ ಹೇಳಲಾರೆ. ವಾಸ್ತುಶಾಂತಿಯ ದಿನ ಅವ್ವ ಹೊಸ ಇಳಕಲ್ಲ ಸೀರೆ ಉಟ್ಟು, ನೀರು ತುಂಬಿದ ತಾಮ್ರದ ತಂಬಿಗೆ ಹಿಡಿದು ಬಾಗಿಲ ಮುಂದಿನ ಪಾವಟಿಗೆ ಹತ್ತಿದಳು. ಒಂದು ಹತ್ತಿದಳು, ಎರಡು ಹತ್ತಿದಳು. ಮೂರನೆಯದು ಮೊದಲಿನ ಎರಡಕ್ಕಿಂತ ಇಮ್ಮಡಿ ಎತ್ತರವಿತ್ತು. ಹಾಗಂತ ಕಾಲಿಗೆ ಯಾರೂ ಹೇಳಿರಲಿಲ್ಲ. ಅವ್ವ ಮುಗ್ಗರಿಸಿದಳು, ತಂಬಿಗೆಯ ನೀರು ಹೊಸ್ತಿಲಲ್ಲಿ ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದ ಅಯ್ಯನವರ ಮುಖಕ್ಕೆ ಹೋಯಿತು. "ಮಳಿ ಬಂತೇನ್ರಿ?" ಎಂದರು ಅಯ್ಯನವರು. ಬಂದ ಬೀಗರೆಲ್ಲ ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅಪ್ಪ ಬಿಡಲಿಲ್ಲ.

"ಮನೀ ಕಟ್ಟೋ ಅಂದ್ರ ಗರಡಿಮನೀ ಕಟ್ಟ್ಯಾನ ನೋಡ್ರಿ ನಮ್ಮ ಗೌಂಡಿ. ದಿನಾ ನಾಕ ಸಲ ಹತ್ತಿ ಇಳದ್ರ ಸಾಕು, ಪೈಲ್ವಾನ ಆಗತೀವಿ."

ಈಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಮಾ ನಗಲಿಲ್ಲ. ಏನೋ ಹೇಳಲೆಂದು ಬಾಯಿ ತೆರೆದವನು ಅಕ್ಕನ ಮುಖ ನೋಡಿ ಸುಮ್ಮನಾದ. ಸಿಮೆಂಟು ಮೆತ್ತುವ ತನ್ನ ಥಾಪಿಯನ್ನು ತೊಳೆದು ಚೀಲಕ್ಕೆ ಹಾಕಿಕೊಂಡ. "ಈ ಪಾವಟಿಗಿ ದಾಟಿ ನಾ ಒಳಗ ಬರೂದಿಲ್ಲ" ಎಂದು ಹೋಗಿಯೇಬಿಟ್ಟ.

ಪಾವಟಿಗೆಯನ್ನು ಸರಿ ಮಾಡಿಸಿದರೆ ಆಯಿತಲ್ಲ ಎನ್ನುತ್ತೀರಿ. ಅಷ್ಟು ಸುಲಭವೇ? "ಕಟ್ಟಿದಾವ ಬಂದು ಸರಿ ಮಾಡಲಿ" ಎಂದ ಅಪ್ಪ. "ನಕ್ಕಾವ್ರು ಬಂದು ಕರೀಲಿ" ಎಂದ ಮಾಮಾ. ಪಾವಟಿಗೆ ಪಾಪ, ಎರಡೂ ಕಡೆಯವರ ಮಾತು ಕೇಳುತ್ತ ಇದ್ದಲ್ಲೇ ಇತ್ತು.

ಅಕ್ಕನನ್ನು ಬಿಟ್ಟಿರುವುದು ಮಾತ್ರ ಮಾಮಾನಿಗೆ ಆಗಲಿಲ್ಲ. ಅಮಾವಾಸ್ಯೆಗೆ ನಮ್ಮ ಕಡೆಯ ಗೌಂಡಿಗಳು ಕೆಲಸ ಮುಟ್ಟುವುದಿಲ್ಲ. ಪ್ರತಿ ಅಮಾವಾಸ್ಯೆ ಭೋಜದಿಂದ ಬಸ್ಸು ಹಿಡಿದು, ಚೀಲದ ತುಂಬ ಬದನೆಕಾಯಿ ತುಂಬಿಕೊಂಡು ಬರುತ್ತಿದ್ದ. ಬಂದು ಎಲ್ಲಿ ಕೂರುತ್ತಿದ್ದ? ಬಾಗಿಲ ಪಕ್ಕಕ್ಕೆ, ಪಡಸಾಲೆಯ ಕಿಟಕಿಯ ಕೆಳಗೆ ತಾನೇ ಕಟ್ಟಿದ ಕಟ್ಟೆಯ ಮೇಲೆ.

"ಒಳಗ ಬಾರೋ ತಮ್ಮಾ. ಒಂದ ತುತ್ತು ನನ್ನ ಒಲಿ ಮುಂದ ಕುಂತು ಉಣ್ಣು."

"ಇಲ್ಲೇ ತಂಪ ಐತಿ ಬಿಡs ಅಕ್ಕಾ."

ಅವ್ವ ತಾಟು ಹಿಡಿದು ಮೂರು ಪಾವಟಿಗೆ ಇಳಿದು ಬರುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆಯಿತು. ನಮ್ಮ ಮನೆಯಲ್ಲಿ ಅವ್ವ ದೇವರಿಗೆ ಹೇಳಿಕೊಳ್ಳುತ್ತಿದ್ದ ಬೇಡಿಕೆ ಒಂದೇ, ತಮ್ಮ ಒಳಗೆ ಬರಲಿ. ಆಭರಣ, ಆಸ್ತಿ ಕೇಳಿದ್ದರೆ ದೇವರಿಗೂ ಸುಲಭವಾಗುತ್ತಿತ್ತೇನೋ.

ಹನ್ನೊಂದನೆಯ ವರ್ಷಕ್ಕೆ ನಮ್ಮ ಮನೆಗೆ ರಾಕ್ಷಸ ಬಂದ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಟೈಮ್‌ಕೀಪರ್. ಒಂದು ದಿನ ಮೀರಜಿಗೆ ಹೋದವನು ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆ ತಂದ. "ಮಗಳಿಗೆ ತಂದೀನಿ" ಎಂದ. ಮಗಳ ಕೈಗೆ ಅದರ ಹ್ಯಾಂಡಲ್ ಸಿಕ್ಕಿದ್ದು ಐದನೆಯ ದಿನ. ಅದರೊಳಗೆ ಏಳು ಅಂತಸ್ತಿನ ಒಂದು ಕೋಟೆ. ಕತ್ತಿ ಹಿಡಿದ ಒಬ್ಬ ಕುಳ್ಳ ಸಿಪಾಯಿ ಹಾರುತ್ತ, ಬೀಳುತ್ತ ಅಂತಸ್ತು ಏರಬೇಕು. ಪ್ರತಿ ಅಂತಸ್ತಿನ ಕೊನೆಗೆ ಒಬ್ಬೊಬ್ಬ ರಾಕ್ಷಸ. ಅವನ ಕೈಯಲ್ಲಿ ಸತ್ತರೆ ಆ ಅಂತಸ್ತನ್ನು ಮತ್ತೆ ಮೊದಲಿನಿಂದ ಹತ್ತಬೇಕು. ಏಳನೆಯವನನ್ನು ಊರಲ್ಲಿ ಕಂಡವರೇ ಇರಲಿಲ್ಲ.

ಆ ಅಮಾವಾಸ್ಯೆ ಕಟ್ಟೆಯ ಮೇಲೆ ಕೂತಿದ್ದ ಮಾಮಾನ ಕಿವಿಗೆ ಕಿಟಕಿಯೊಳಗಿಂದ ಟುಂಯ್ ಟುಂಯ್ ಸದ್ದು ಬಿತ್ತು. ಎದ್ದು ಕಟ್ಟೆಯ ಮೇಲೆ ನಿಂತ. ಸರಳು ಹಿಡಿದುಕೊಂಡು ಒಳಗೆ ನೋಡಿದ. ಬಹಳ ಹೊತ್ತು ನೋಡಿದ.

"ಯಾವ ಗೌಂಡಿ ಕಟ್ಟ್ಯಾನ ಈ ಕ್ವಾಟಿ?" ಎಂದ. "ಇಟ್ಟಂಗಿ ಗಾಳ್ಯಾಗ ತೇಲಾಕತ್ತಾವು. ಕೆಳಗ ಕಂಬಿಲ್ಲ, ತೊಲಿ ಇಲ್ಲ. ಇದರಾಗ ಮಂದಿ ಹೆಂಗ ಇರಬೇಕು?"

ಅಪ್ಪ ಟೀವಿಯಿಂದ ಕಣ್ಣು ತೆಗೆಯದೆ ನನಗೆ ಹೇಳಿದ: "ನಿಮ್ಮ ಮಾಮಾಗ ಹೇಳವಾ. ತೇಲಿದ್ರೂ ಪಾವಟಿಗಿ ಎಲ್ಲಾ ಒಂದs ಅಳತಿ ಅದಾವು."

ಅಂದಿನಿಂದ ಶುರುವಾಯಿತು ವಾದ. ಇಬ್ಬರ ನಡುವೆ ಅಂತರ ಹೆಚ್ಚೆಂದರೆ ಎಂಟು ಹೆಜ್ಜೆ. ಆದರೂ ಎಲ್ಲ ಮಾತೂ ನನ್ನ ಮೂಲಕವೇ ಹೋಗಬೇಕು. ಟಪಾಲು ಹಂಚುವವರಿಗಾದರೂ ಭಾನುವಾರ ಸೂಟಿ ಇರುತ್ತದೆ.

"ನಿಮ್ಮ ಮಾಮಾಗ ಕೇಳು," ಎನ್ನುತ್ತಿದ್ದ ಅಪ್ಪ, "ರಾಕ್ಷಸನ್ನ ಅಗದೀ ಒಳಗ ಯಾಕ ಇಡಬೇಕು? ಗೇಟಿನ್ಯಾಗ ನಿಲ್ಲಸಬೇಕು. ನಮ್ಮ ಕಾರ್ಖಾನ್ಯಾಗ ವಾಚಮನ್ ಗೇಟಿಗೆ ಇರತಾನೋ, ಸಕ್ಕರಿ ಗೋದಾಮಿನ್ಯಾಗ ಇರತಾನೋ?"

ಅಕ್ಕನ ಗಂಡನನ್ನು ನಮ್ಮ ಗಡಿ ಭಾಗದಲ್ಲಿ ದಾಜಿ ಎನ್ನುತ್ತಾರೆ. ಸಿಟ್ಟಿದ್ದರೂ ಮಾಮಾ ಆ ಮರ್ಯಾದೆ ಬಿಟ್ಟವನಲ್ಲ. "ನಮ್ಮ ದಾಜಿಗೆ ಕೇಳವಾ. ಕಾರ್ಖಾನ್ಯಾಗ ಅವ್ರು ಅಂಜೂದು ಗೇಟಿನ ವಾಚಮನ್ನಗೋ, ಒಳಗ ಖುರ್ಚಿ ಮ್ಯಾಲ ಕುಂತಾವಗೋ?"

ಅಪ್ಪ ಟೀವಿಯ ಸದ್ದು ಏರಿಸಿದ. ಉತ್ತರ ಗೊತ್ತಿದ್ದದ್ದೇ ಅದಕ್ಕೆ ಕಾರಣ.

ಮೂರನೆಯ ಅಂತಸ್ತಿನಲ್ಲಿ ಚಾವಣಿಯಿಂದ ಹೇಳದೆ ಕೇಳದೆ ಬೆಂಕಿ ಬೀಳುತ್ತಿತ್ತು. ಆಟ ಅಂದರೆ ಕಠಿಣ ಇರಬೇಕು, ಹತ್ತು ಸಲ ಸುಟ್ಟರೆ ಹನ್ನೊಂದನೆಯ ಸಲ ಬುದ್ಧಿ ಬರುತ್ತದೆ ಎಂದು ಅಪ್ಪನ ವಾದ. ಮಾಮಾ ಒಪ್ಪಲಿಲ್ಲ. "ಕಠಿಣ ಬ್ಯಾರೆ, ಮೋಸ ಬ್ಯಾರೆ. ಮೊದಲನೇ ಪಾವಟಿಗಿ ಎರಡನೇದು ಎಷ್ಟ ಎತ್ತರ ಐತಿ ಅಂತ ಕಾಲಿಗೆ ಹೇಳಿಕೊಡಬೇಕು. ಕತ್ತಲದಾಗೂ ಕಾಲಿಗೆ ತಿಳೀಬೇಕು. ಹಂಗ ಕಟ್ಟಾವ ಗೌಂಡಿ."

"ಮತ್ತ ಮೂರನೇದು?" ಎಂದ ಅಪ್ಪ, ಮೆಲ್ಲಗೆ, ಟೀವಿಗೆ.

ಮಾಮಾ ಸರಳು ಬಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟ. ಅವತ್ತಿನ ಬದನೆಕಾಯಿ ಎಣ್ಣೆಗಾಯಿ ಆದರೂ ಯಾರಿಗೂ ರುಚಿಸಲಿಲ್ಲ.

ಆದರೆ ಮರು ಅಮಾವಾಸ್ಯೆಗೆ ಬರುವಾಗ ಇದ್ದಿಲ ತುಂಡು ತಂದಿದ್ದ. ತಾನೇ ಸುಣ್ಣ ಬಳಿದ ನಮ್ಮ ಮುಂದಿನ ಗೋಡೆಯ ಮೇಲೆ ಆ ಕೋಟೆಯ ಏಳೂ ಅಂತಸ್ತುಗಳನ್ನು ಹೊಸದಾಗಿ ಬರೆದ. ಪ್ರತಿ ತೇಲುವ ಇಟ್ಟಿಗೆಯ ಕೆಳಗೆ ಒಂದೊಂದು ಕಂಬ. ಪ್ರತಿ ರಾಕ್ಷಸನ ಬಾಗಿಲ ಮುಂದೆ ಒಂದೊಂದು ಕಟ್ಟೆ, ಕಟ್ಟೆಯ ಮೇಲೊಂದು ನೀರಿನ ಹರವಿ.

"ಇದು ಯಾಕ ಮಾಮಾ?"

"ಇಷ್ಟ ದೂರ ಹತ್ತಿ ಬಂದಾನ, ದಣಿದಾನ. ಹಂಗs ಬಾಗಲಾ ನುಗ್ಗಂದ್ರ ಹೆಂಗ? ಒಂದೀಟು ಕುಂದ್ರಬೇಕು, ನೀರ ಕುಡೀಬೇಕು, ಒಳಗ ಹೋಗೂದೋ ಬ್ಯಾಡೋ ವಿಚಾರ ಮಾಡಬೇಕು. ಎಷ್ಟ ದೊಡ್ಡ ಜಗಳ ಇದ್ರೂ ಬಾಗಲದಾಗ ಕಟ್ಟಿ ಇರಬೇಕು."

ಸಂಜೆ ಅವನ ಬಸ್ಸು ಹೋದ ಮೇಲೆ ಅಪ್ಪ ಹೊರಗೆ ಬಂದು ಗೋಡೆಯನ್ನು ಬಹಳ ಹೊತ್ತು ನೋಡಿದ. "ಕಟ್ಟಿ ವಿಚಾರ ಛಲೋ ಐತಿ," ಎಂದ. "ಆದ್ರ ಅವಗ ಹೇಳಬ್ಯಾಡ." ಗೋಡೆಗೆ ಸುಣ್ಣ ಬಳಿಸುವ ಮಾತು ಎತ್ತಲಿಲ್ಲ.

ಆಮೇಲಾಮೇಲೆ ಆ ಕೋಟೆ ಮಾಮಾನ ನಿದ್ದೆಗೂ ಇಳಿಯಿತು. ಮಧ್ಯಾಹ್ನ ಉಂಡು ಕಟ್ಟೆಯ ಮೇಲೆ ಒರಗಿದರೆ ಕಬ್ಬಿನ ಗದ್ದೆಯ ಮೇಲಿಂದ ಗಾಳಿ ಬರುತ್ತಿತ್ತು, ಕಾರ್ಖಾನೆಯ ಕಡೆಯಿಂದ ಕಾದ ಕಬ್ಬಿನಹಾಲಿನ ವಾಸನೆ ಬರುತ್ತಿತ್ತು, ಅವನ ಬೆರಳು ಮಾತ್ರ ನಿದ್ದೆಯಲ್ಲೂ ಗಾಳಿಯಲ್ಲಿ ಏನನ್ನೋ ಸವರುತ್ತಿತ್ತು. ಒಂದು ದಿನ ಎದ್ದವನೇ ಕಣ್ಣು ಪಿಳಿಪಿಳಿ ಮಾಡುತ್ತ, "ಆ ಏಳನೇ ರಾಕ್ಷಸನ ಮನೀಗೆ ಗಿಲಾವ್ ಮಾಡಿ ಬಂದೆ" ಎಂದ.

"ಅಂವ ಹೊಡೀಲಿಲ್ಲಾ?" ಎಂದೆ.

"ಯಾಕ ಹೊಡೀತಾನ? ಗ್ವಾಡಿ ಹಸಿ ಬಂದಿತ್ತು, ಮಾಳಗಿ ಸೋರತಿತ್ತು. ಥಾಪಿ ನೋಡಿ ಖುಷಿ ಆದ. ಬರೂ ಮಂದಿ ಎಲ್ಲಾ ಕತ್ತಿ ತಗೊಂಡ ಬರತಾರ, ಕುಂದ್ರಾಕ ಯಾರೂ ಬರೂದಿಲ್ಲ ಅಂದ. ನಾ ಕೆಲಸ ಮಾಡಾಕತ್ತಿದ್ದೆ, ಅಂವ ನನ್ನ ಸನೇಕ ಸಿಮೆಂಟಿನ ಪುಟ್ಟಿ ಹಿಡಕೊಂಡು ನಿಂತಿದ್ದ. ಮೋಡ ಕಿಟಕ್ಯಾಗ ಬಂದು ಹೋಗತಿದ್ವು. ಭಾಳ ಎತ್ತರ ಐತಿ ಅದು."

"ಕೂಲಿ ಕೊಟ್ಟಾನೇನ ಕೇಳವಾ," ಎಂದ ಅಪ್ಪ ಒಳಗಿನಿಂದ. ಮಾಮಾ ನನ್ನತ್ತ ನೋಡಿ ಬಾಯಿ ಮುಚ್ಚಿಕೊಂಡು ನಕ್ಕ. ಒಳಗಿನಿಂದ ಅಪ್ಪನೂ ನಕ್ಕದ್ದು ಕೇಳಿಸಿತು. ಇಬ್ಬರೂ ನಕ್ಕದ್ದು ಒಂದೇ ಮಾತಿಗೆ. ಆದರೂ ನಡುವೆ ಗೋಡೆ ಇತ್ತಲ್ಲ.

ಕಡೆಗೆ ಏಳನೆಯ ಅಂತಸ್ತು ಬಂತು. ರಾಕ್ಷಸನ ಬಾಗಿಲು ಕಾಣಿಸಿತು. ಬಾಗಿಲ ಮುಂದೆ ಮೂರು ಪಾವಟಿಗೆ. ಮೊದಲನೆಯದು ಸರಿ, ಎರಡನೆಯದು ಸರಿ. ಮೂರನೆಯದು ಇಮ್ಮಡಿ ಎತ್ತರ.

ಕಿಟಕಿಯಲ್ಲಿ ಮಾಮಾ ಒಮ್ಮೆ ಕೆಮ್ಮಿದ. ಹನ್ನೊಂದು ವರ್ಷದ ಅತ್ಯುತ್ತಮ ಕೊಂಕುಮಾತು ತಾಟಿನಲ್ಲಿ ಬಡಿಸಿದಂತೆ ಅಪ್ಪನ ಮುಂದೆ ಬಂದು ಕೂತಿತ್ತು. ಅಪ್ಪ ಅದನ್ನು ಮುಟ್ಟಲಿಲ್ಲ. ಅವತ್ತಿನಿಂದ ಅಪ್ಪನ ಮೇಲೆ ನನಗೆ ಒಂದು ತೂಕ ಗೌರವ ಜಾಸ್ತಿ.

ನಾನು ಹಾರಿಸಿದೆ, ಸಿಪಾಯಿ ಬಿದ್ದ. ಅಪ್ಪ ಹಾರಿಸಿದ, ಬಿದ್ದ. ಎರಡು ಅಮಾವಾಸ್ಯೆ ಬಿದ್ದೆವು. ಮೂರನೆಯ ಅಮಾವಾಸ್ಯೆಗೆ, ಈತನಕ ಆ ಕಡೆ ತಿರುಗಿಯೂ ನೋಡದ ಅವ್ವ ಅಡುಗೆಮನೆಯಿಂದ ಬಂದು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ತಾ ಇಲ್ಲಿ, ನಾ ಒಂದ ಕೈ ನೋಡತೀನಿ" ಎಂದಳು.

ಸಿಪಾಯಿ ಬಿದ್ದ.

"ಹಿಂದ ಸರಿ ಅಕ್ಕಾ," ಎಂದ ಮಾಮಾ ಕಿಟಕಿಯಿಂದ. "ಹಿಂದ ಸರದು ಓಡಿ ಬಾ. ತುದಿಗೆ ಬಂದ ಮ್ಯಾಲ ಜಿಗಿ."

ಅವ್ವ ಹಿಂದೆ ಸರಿಸದೆ ಜಿಗಿಸಿದಳು. ಬಿದ್ದ.

"ಓಡಿ ಬಾ ಅಂದೆ. ನಿಂತಲ್ಲೆ ಜಿಗದ್ರ ಹೆಂಗ?"

ಅವ್ವ ಓಡಿಸಿದಳು, ಜಿಗಿಸುವುದನ್ನು ಮರೆತಳು. ಬಿದ್ದ. ಮತ್ತೆ, ಮತ್ತೆ. ಮಾಮಾನ ಮುಖ ಸರಳಿನ ನಡುವೆ ತೂರಿ ಬರುವಂತಾಯಿತು. ಅಕ್ಕ ಬೀಳುವುದನ್ನು ನೋಡುವುದು ಅವನಿಗೆ ಹೊಸದಲ್ಲ, ಆದರೆ ಅದೇ ಪಾವಟಿಗೆಯಿಂದ ಹನ್ನೆರಡು ಸಲವೇ? "ಅಯ್ಯ, ಅಲ್ಲಲ್ಲಾ... ಬಲಕ... ಈಗ ಜಿಗಿ... ಛೇ, ತಾ ಇಲ್ಲಿ!"

ಮರುಕ್ಷಣ ಕಿಟಕಿ ಖಾಲಿ. ಮಾಮಾ ಪಡಸಾಲೆಯ ನಡುವೆ ನಿಂತು ಅವ್ವನ ಕೈಯಿಂದ ಹ್ಯಾಂಡಲ್ ಕಿತ್ತುಕೊಂಡಿದ್ದ. ಯಾವ ಕಾಲು ಮೊದಲಿಟ್ಟು ಆ ಪಾವಟಿಗೆ ದಾಟಿದನೋ ಅವನಿಗೂ ತಿಳಿಯದು.

ಮಾಮಾ ಒಮ್ಮೆ ಸುತ್ತಲೂ ನೋಡಿದ. ತಾನು ಕಟ್ಟಿದ ಗೋಡೆ, ದೀಪ ಇಡಲೆಂದು ಅದರಲ್ಲಿ ತಾನು ಬಿಟ್ಟ ಮಾಡ. ಆಮೇಲೆ ತನ್ನ ಕಾಲು ನೋಡಿಕೊಂಡ. ಚಪ್ಪಲಿ ಕಾಲಲ್ಲೇ ಇದ್ದುವು. ಗಾಬರಿಯಿಂದ ತಿರುಗಿ ಹೊರಗೆ ಹೋದ.

ಹೋದನಲ್ಲ, ಮುಗಿಯಿತು ಎಂದುಕೊಂಡೆ. ಅವ್ವನ ಕಣ್ಣು ಬಾಗಿಲಿಗೆ ನೆಟ್ಟಿದ್ದುವು. ಹೊರಗೆ ಚಪ್ಪಲಿ ಬಿಟ್ಟ ಸದ್ದು. ಆಮೇಲೆ ಮೊಣಕಾಲಿಗೆ ಕೈ ಊರಿ, ಒಂದು, ಎರಡು, ಮೂರು ಎಂದು ಮಾಮಾ ಎರಡನೆಯ ಸಲ ಒಳಗೆ ಬಂದ.

ಅಪ್ಪ ಚಾಪೆಯ ಮೇಲೆ ಪಕ್ಕಕ್ಕೆ ಸರಿದ. "ಕುಂದರು," ಎಂದ. ಟೀವಿಗಲ್ಲ, ನನಗಲ್ಲ.

ಇಷ್ಟು ದಿನ ಕಿಟಕಿಯಲ್ಲಿ ನಿಂತು ಕೋಟೆಯ ಪ್ರತಿ ಇಟ್ಟಿಗೆಗೆ ತಪ್ಪು ಹುಡುಕಿದ ಮಹಾನುಭಾವ ಹ್ಯಾಂಡಲ್ ಹಿಡಿದ. ಸಿಪಾಯಿ ತಿರುಗಿ ಎರಡು ಹೆಜ್ಜೆ ಹಿಂದಕ್ಕೆ ನಡೆದು ಹೋಗಿ ನೇರ ಹೊಂಡಕ್ಕೆ ಬಿದ್ದ. ಅಪ್ಪ ನಕ್ಕ. ಈ ಸಲ ಮಾಮಾನೂ ನಕ್ಕ. ಅವ್ವ ಒಳಗೆ ಹೋಗಿ ಒಲೆಯ ಮುಂದೆ ತಾಟು ಇಟ್ಟಳು.

ಮರುದಿನ ಶಾಲೆಯಲ್ಲಿ ತಲೆನೋವೆಂದು ನಾನು ಬೇಗ ಮನೆಗೆ ಬಂದೆ. ಟೀವಿ ಮುಂದೆ ಅವ್ವ ಒಬ್ಬಳೇ ಕೂತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಸಿಪಾಯಿಯನ್ನು ಹಿಂದೆ ಸರಿಸಿದಳು, ಓಡಿಸಿದಳು, ತುದಿಯಲ್ಲಿ ಜಿಗಿಸಿದಳು. ಆ ಮೂರನೆಯ ಪಾವಟಿಗೆಗೆ ಹೂವಿನಂತೆ ಏರಿಸಿ ರಾಕ್ಷಸನ ಬಾಗಿಲಲ್ಲಿ ನಿಲ್ಲಿಸಿ, ಟೀವಿ ಬಂದ್ ಮಾಡಿ, ಅಕ್ಕಿ ಆರಿಸಲು ಎದ್ದು ಹೋದಳು.

ಕೆಲವು ವರ್ಷಗಳ ಮೇಲೆ ನನ್ನ ಮದುವೆ ಗೊತ್ತಾಯಿತು. ಮಾಮಾ ಥಾಪಿ ಹಿಡಿದು ಬಂದ. "ಬೀಗರು ಎಡವಬಾರದು. ಅರ್ಧಾ ದಿನದ ಕೆಲಸ" ಎಂದು ಮೂರನೆಯ ಪಾವಟಿಗೆಯ ಮುಂದೆ ಕೂತ. ಅವ್ವ ಬಂದು ಆ ಪಾವಟಿಗೆಯ ಮೇಲೆ ಕೂತುಬಿಟ್ಟಳು.

"ಮುಟ್ಟಬ್ಯಾಡ."

"ಯಾಕಬೇ ಅಕ್ಕಾ?"

ಮನೆ ತುಂಬ ನೆಂಟರಿದ್ದರು. ಅಪ್ಪ ಹೊಸ್ತಿಲಲ್ಲಿ ನಿಂತಿದ್ದ. ಅವ್ವ ಅಪ್ಪನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಇಂವ ಕಟ್ಟಿದಾಗ ನಾಕ ಪಾವಟಿಗಿ ಇದ್ದುವ್ರಿ. ನಾಕೂ ಒಂದs ಅಳತಿ. ವಾಸ್ತುಶಾಂತಿ ಹಿಂದಿನ ದಿನ ಸಂಜೀಕ ನಾ ಎಣಿಸಿದೆ. ಸರಿ ಸಂಖ್ಯೆ ಬಂತು, ಮನೀಗೆ ಆಗೂದಿಲ್ಲ, ಬೆಸ ಇರಬೇಕು ಅಂತ ಅಳಕೋತ ಕುಂತೆ. ನನ್ನ ಮಾತಿಗೆ ಒಂದ ಒಡದು, ಇದ್ದ ಎತ್ತರ ಎಲ್ಲಾ ಇದರ ತಲೀ ಮ್ಯಾಲ ಹಾಕಿದ. ನೀವು ನಕ್ಕಾಗ ಅಂವ ನನ್ನ ಹೆಸರ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ."

ಮಾಮಾ ಥಾಪಿಯ ಅಲಗನ್ನು ಹೆಬ್ಬೆರಳಿಂದ ಒರೆಸುತ್ತ, "ಈಗ್ಯಾಕ ಅದನ್ನ ತಗದಿ ಅಕ್ಕಾ" ಎಂದ. ಎದ್ದು ಹೋಗಿ ತನ್ನ ಹಳೆಯ ಜಾಗದಲ್ಲಿ, ಕಟ್ಟೆಯ ಮೇಲೆ ಕೂತ.

ಅಪ್ಪ ಅವ್ವನನ್ನು ದಾಟಿ, ಪಾವಟಿಗೆಗಳನ್ನು ಒಂದೊಂದಾಗಿ ಇಳಿದು, ಕಟ್ಟೆಯ ಹತ್ತಿರ ಹೋಗಿ ಮಾಮಾನ ಪಕ್ಕದಲ್ಲಿ ಕೂತ. ಮನೆ ಕಟ್ಟಿದಾಗಿನಿಂದ ಅಪ್ಪ ಆ ಕಟ್ಟೆಯ ಮೇಲೆ ಒಂದು ದಿನವೂ ಕೂತವನಲ್ಲ. ಕೈಯಿಂದ ಅದರ ನುಣುಪು ಸವರಿದ. ಕುತ್ತಿಗೆ ತಿರುಗಿಸಿ ಕಿಟಕಿಯ ಸರಳಿನ ನಡುವೆ ಒಳಗೆ ನೋಡಿದ. ಪಡಸಾಲೆ, ಅದರಾಚೆ ಅಡುಗೆಮನೆಯ ಬಾಗಿಲು, ಅದರಾಚೆ ಒಲೆಯ ಬೆಳಕು.

"ಇಲ್ಲಿಂದ ಎಲ್ಲಾ ಕಾಣತೈತಲ್ಲೋ," ಎಂದ ಅಪ್ಪ.