ಒಂಬತ್ತು ಖಾನೆ ಮತ್ತು ಮಹಾದೇವಿಯ ಮೋಟರ್

ಕಾನೂನನ್ನು ಕೈಗೆತ್ತಿಕೊಳ್ಳುವ ಸಿನಿಮಾ ನಾಯಕರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ವೀಕ್‌ನೆಸ್ ಇದೆ. ಈ ವಯಸ್ಸಿನಲ್ಲಿ ಒಪ್ಪಿಕೊಂಡರೆ ಯಾರೂ ಏನೂ ಅನ್ನಲಾರರು. ಪೊಲೀಸರು ಕೈಚೆಲ್ಲಿದ ಮೇಲೆ ಒಬ್ಬನು ಮುಖ ಮುಚ್ಚಿಕೊಂಡು, ದುಷ್ಟರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಬಡಿಯುವುದನ್ನು ನೋಡುವಾಗ ನನ್ನ ಮಂಡಿನೋವು ಸಹ ಸುಮ್ಮನಾಗುತ್ತದೆ. ಇದಕ್ಕೆ ಕಾರಣ ನಮ್ಮವರು. ಮದುವೆಯಾದ ಹೊಸದರಲ್ಲಿ ಶಹಾಬಾದಿನಿಂದ ಕಲಬುರಗಿಗೆ ಮ್ಯಾಟಿನಿಗೆ ಕರೆದೊಯ್ಯುತ್ತಿದ್ದರು. ಆದರೆ ವಾಪಸ್ ಪ್ಯಾಸೆಂಜರ್ ಹಿಡಿಯಬೇಕೆಂದು ಕ್ಲೈಮ್ಯಾಕ್ಸಿಗೆ ಹತ್ತು ನಿಮಿಷ ಮೊದಲೇ ಎಬ್ಬಿಸಿಬಿಡುತ್ತಿದ್ದರು. ಹೀಗಾಗಿ ಯೌವನದಲ್ಲಿ ನಾನು ನೋಡಿದ್ದೆಲ್ಲ ಅನ್ಯಾಯವೇ. ನ್ಯಾಯ ಸಿಕ್ಕಿದ್ದನ್ನು ಒಮ್ಮೆಯೂ ನೋಡಲಿಲ್ಲ. ಗಾಡಿ ಮಾತ್ರ ಪ್ರತಿ ಸಲ ಲೇಟು. ಪ್ಲಾಟ್‌ಫಾರ್ಮಿನಲ್ಲಿ ಶೇಂಗಾ ಸುಲಿಯುತ್ತ, ಆ ಖಳನಿಗೆ ಏನಾಗಿರಬಹುದು ಎಂದು ನಾವಿಬ್ಬರೂ ಊಹಿಸುತ್ತ ಕೂರುತ್ತಿದ್ದೆವು. ಈಗ ಅವರಿಲ್ಲ, ಅವಸರವೂ ಇಲ್ಲ. ಟೀವಿ ಮುಂದೆ ಕೂತು, ಬಿಟ್ಟುಬಂದ ಕ್ಲೈಮ್ಯಾಕ್ಸುಗಳನ್ನೆಲ್ಲ ನೋಡಿ ಮುಗಿಸುತ್ತಿದ್ದೇನೆ.

ಈ ಬೇಸಿಗೆಯಲ್ಲಿ ಜೊತೆಗೆ ತಂಗಿಯ ಮೊಮ್ಮಗಳು ಪಲ್ಲವಿ ಸೇಡಂನಿಂದ ಬಂದಳು. ಕಾಲೇಜು ಹುಡುಗಿ. ಗೆಳತಿಯರೊಂದಿಗೆ ಫೋನಿನಲ್ಲೇ ಒಂದು ಆಟ ಆಡುತ್ತಾಳೆ. ಒಬ್ಬಳು ಮಾಟಗಾತಿ, ಒಬ್ಬಳು ಕಳ್ಳಿ, ಒಬ್ಬಳು ಕತ್ತಿ ಹಿಡಿದವಳು. ದಾಳ ಉರುಳಿಸಿ ಸಾಹಸ ಮಾಡುವುದು. ಅದರಲ್ಲಿ ಪ್ರತಿಯೊಬ್ಬರ ನೀತಿಗೂ ಒಂದು ಖಾನೆಯಂತೆ. ನಮ್ಮ ಮನೆಯ ಫರಸಿಕಲ್ಲಿನ ನೆಲದ ಮೇಲೆ ಚಾಕ್‌ಪೀಸಿನಿಂದ, ಕುಂಟಾಬಿಲ್ಲೆಗೆ ಬರೆದ ಹಾಗೆ, ಮೂರು ಸಾಲಿನಲ್ಲಿ ಒಂಬತ್ತು ಖಾನೆ ಎಳೆದಳು. ಅಡ್ಡಕ್ಕೆ ಲಾಫುಲ್, ನ್ಯೂಟ್ರಲ್, ಕೇಯಾಟಿಕ್. ಕೆಳಮುಖವಾಗಿ ಗುಡ್, ನ್ಯೂಟ್ರಲ್, ಈವಿಲ್.

"ರೂಲ್ ಪಾಲಸ್ತಾನೋ ಇಲ್ಲಾ ಕೇಯಾಟಿಕ್ ಆಗಿ ಮುರೀತಾನೋ ಅನ್ನೋದು ಒಂದು. ಮನಸ್ಸು ಒಳ್ಳೇದೋ ಕೆಟ್ಟದ್ದೋ ಅನ್ನೋದು ಇನ್ನೊಂದು. ಎರಡೂ ಬ್ಯಾರೆ ಬ್ಯಾರೆ ಅವ ಅಜ್ಜಿ" ಎಂದಳು.

ನನಗಿದು ಹೊಸ ವಿದ್ಯೆ. ನಾನು ಹಣೆಗೆ ವಿಭೂತಿ ಹಚ್ಚಿಕೊಂಡು ಕಾನ್ವೆಂಟಿಗೆ ಹೋದವಳು. ಮನೆಯಲ್ಲಿ ಶರಣರು, ಶಾಲೆಯಲ್ಲಿ ಸಿಸ್ಟರ್. ಎರಡೂ ಕಡೆ ಸುಳ್ಳಿಗೆ ಜಾಗವಿರಲಿಲ್ಲ, ಎರಡೂ ಕಡೆ ಖಾನೆ ಎರಡೇ: ಗುಡ್ ಗರ್ಲ್, ಬ್ಯಾಡ್ ಗರ್ಲ್. ಆಮೇಲೆ ಮೂವತ್ತು ವರ್ಷ ಇಂಗ್ಲಿಷ್ ಟೀಚರ್ ಆಗಿ ನಾನೂ ಮಕ್ಕಳನ್ನು ಅವೆರಡರಲ್ಲೇ ತುಂಬಿದೆ. ಈಗ ಒಮ್ಮೆಗೇ ಒಂಬತ್ತು ಖಾನೆ ಸಿಕ್ಕಿದ್ದು, ಒಂದು ರೂಮಿನ ಮನೆಯಿಂದ ವಾಡೆಗೆ ಬಂದಂತಾಯಿತು.

ಪ್ರತಿ ಮಧ್ಯಾಹ್ನ ಒಂದು ಸಿನಿಮಾ, ಆಮೇಲೆ ನಮ್ಮ ಕೋರ್ಟು. ಒಬ್ಬೊಬ್ಬ ನಾಯಕನಿಗೆ ಒಂದೊಂದು ಹುಣಸೆಬೀಜ. ಮೊದಲ ದಿನ ಒಬ್ಬ ಜಡ್ಜ್ ಸಿಕ್ಕ. ಹಗಲು ಸಾಕ್ಷಿ ಸಾಲದೆಂದು ತಾನೇ ಬಿಟ್ಟವರನ್ನು ಸಂಜೆ ಹಿಡಿದು ಬಾವಿಗೆ ತಳ್ಳುತ್ತಾನೆ. ಪಲ್ಲವಿ ಲಾಫುಲ್ ಈವಿಲ್ ಎಂದಳು. "ಪಾಪ, ಫೈಲ್ ಪೂರ್ತಿ ಓದಿದ ಮೇಲೇ ತಳ್ಳುತ್ತಾನಲ್ಲ" ಎಂದು ವಾದಿಸಿ ನಾನು ಅವನನ್ನು ಲಾಫುಲ್ ನ್ಯೂಟ್ರಲ್‌ಗೆ ಪ್ರಮೋಟ್ ಮಾಡಿಸಿದೆ. ಮರುದಿನ ತೆಲುಗಿನಿಂದ ಡಬ್ ಆದವನೊಬ್ಬ. ತಂಗಿಯನ್ನು ಕಾಡಿದವರನ್ನು ಹುಡುಕುತ್ತ ಸಂತೆಯ ತುಂಬ ಜೀಪು ಓಡಿಸುತ್ತಾನೆ. ಪಲ್ಲವಿ ಕಣ್ಣೀರು ಒರೆಸಿಕೊಂಡು ಬೀಜವನ್ನು ಕೇಯಾಟಿಕ್ ಗುಡ್‌ನಲ್ಲಿಟ್ಟಳು. ನಾನು ಎತ್ತಿ ಕೇಯಾಟಿಕ್ ಈವಿಲ್‌ನಲ್ಲಿಟ್ಟೆ.

"ಯಾಕಜ್ಜಿ? ತಂಗಿ ಸಲುವಾಗಿ ಮಾಡ್ಯಾನ!"

"ಎಷ್ಟು ತರಕಾರಿ ಬಂಡಿ ಉರುಳಿಸಿದ, ಎಣಿಸಿದೆಯಾ? ಆ ಬದನೆಕಾಯಿ ಮಾರುವವಳು ಯಾವ ಪಾಪ ಮಾಡಿದ್ದಳು? ಒಮ್ಮೆಯಾದರೂ ತಿರುಗಿ ಸಾರಿ ಅಂದನಾ?"

ಅಂದಿನಿಂದ ಅದೇ ನನ್ನ ಟೆಸ್ಟ್. ಬಂಡಿ ಉರುಳಿಸಿದವನು ಯಾರೇ ಆಗಲಿ, ಗುಡ್ ಸಾಲಿಗೆ ಪ್ರವೇಶವಿಲ್ಲ. ಈ ಕಾನೂನಿನಿಂದ ಒಂದೇ ತಿಂಗಳಲ್ಲಿ ಗುಡ್ ಸಾಲು ಪೂರ್ತಿ ಖಾಲಿಯಾಯಿತು, ಈವಿಲ್ ಸಾಲಿನಲ್ಲಿ ಚೌಕಾಬಾರಕ್ಕಾಗುವಷ್ಟು ಬೀಜ ಕೂಡಿದವು.

ಈಗ ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಆ ತಿಂಗಳೆಲ್ಲ ನಾನೂ ಮುಖ ಮುಚ್ಚಿಕೊಂಡು ಒಂದು ಕೆಲಸ ನಡೆಸುತ್ತಿದ್ದೆ.

ನಮ್ಮ ಓಣಿಗೆ ನಳದ ನೀರು ನಾಲ್ಕು ದಿನಕ್ಕೊಮ್ಮೆ, ಅದೂ ಒಂದು ಗಂಟೆ. ನೀರು ಬಂದ ಕೂಡಲೇ ಮುಂದಿನ ಮನೆಗಳವರು ಪೈಪಿಗೆ ಮೋಟರ್ ಹಚ್ಚಿ ಎಳೆದುಕೊಳ್ಳುತ್ತಾರೆ. ಎಲ್ಲಕ್ಕಿಂತ ದೊಡ್ಡ ಮೋಟರ್ ನನ್ನ ನಲವತ್ತು ವರ್ಷದ ಗೆಳತಿ ಮಹಾದೇವಿಯದು. ಓಣಿಯ ಕೊನೆಯ ಮನೆಯ ಹಸೀನಾಬಿ ನನ್ನಷ್ಟೇ ಮುದುಕಿ. ಅವಳ ನಳದಿಂದ ಬರುವುದು ಬರೀ ಗಾಳಿ. ಪಾಪ, ಅವಳು ಬೋರ್‌ವೆಲ್ಲಿನಿಂದ ಕೊಡ ಹೊರುತ್ತಿದ್ದಳು. ಮಹಾದೇವಿಗೆ ಹೇಳಿದರೆ, "ಎಲ್ಲರೂ ಹಚ್ಚಾಕತ್ತಾರ, ನಾ ಒಬ್ಬಾಕಿ ಬಿಟ್ರ ಏನಾಗ್ತದ?" ಎಂದಳು. ಆಗ ನನಗೆ ಹೊಳೆಯಿತು: ಕರೆಂಟೇ ಇಲ್ಲದಿದ್ದರೆ? ಲೈನ್‌ಮನ್ ಖಾಜಾನ ನಂಬರ್ ಕಂಬದ ಮೇಲೆಯೇ ಬರೆದಿತ್ತು. ನೀರು ಬಿಟ್ಟ ದಿನ ಫೋನಿಗೆ ಕರ್ಚೀಫು ಮುಚ್ಚಿ, ಗಂಡಸಿನ ದನಿ ತೆಗೆದು, "ಕಂಬದಾಗ ಸ್ಪಾರ್ಕ್ ಆಗಾಕತ್ತದ, ಲಗೂ ಲೈನ್ ತೆಗಿ" ಎಂದೆ. ಕರೆಂಟ್ ಹೋಯಿತು, ಮೋಟರುಗಳು ನಿಂತವು, ಹಸೀನಾಬಿಯ ಕೊಡ ತುಂಬಿತು. ಮುಂದೆ ನೀರು ಬಂದಾಗಲೆಲ್ಲ ಸ್ಪಾರ್ಕ್ ಆಯಿತು.

ಒಂದು ಬೆಳಿಗ್ಗೆ ಮಹಾದೇವಿ ಕರೆಕಳಿಸಿದಳು. ಪಲ್ಲವಿಯನ್ನು ಕರೆದುಕೊಂಡು ಹೋದರೆ ಓಣಿಯ ಏಳೆಂಟು ಮಂದಿ ಕೂತಿದ್ದರು.

"ನಳ ಬರೋ ದಿನಾನೇ ನೋಡಿ ಕರೆಂಟ್ ತೆಗೀತಾನ ಆ ಖಾಜಾ. ಬೇಕಂತ ಮಾಡ್ತಾನ. ಇವನ್ನ ಟ್ರಾನ್ಸ್‌ಫರ್ ಮಾಡ್ಸಿ ಕುಂಚಾವರಂ ಅಡವಿಗೆ ಒಗಸ್ಬೇಕು" ಎಂದಳು ಮಹಾದೇವಿ. "ನೀ ಅರ್ಜಿ ಇಂಗ್ಲಿಷ್‌ದಾಗ ಬರಕೊಡು. ಕನ್ನಡದಾಗ ಬರದ್ರ ಸಾಹೇಬ ಓದ್ತಾನ. ಇಂಗ್ಲಿಷ್‌ದಾಗ ಬರದ್ರ ಸುಮ್ಮ ಸಹಿ ಮಾಡ್ತಾನ."

ನನ್ನ ಕೈಗೆ ಬಿಳಿ ಹಾಳೆ ಬಂತು. ಖಾಜಾ ನಮ್ಮ ಹಿಂದಿನ ಓಣಿಯಲ್ಲೇ ಮನೆ ಕಟ್ಟಿಸುತ್ತಿದ್ದಾನೆ. ಗೋಡೆ ಎದ್ದಿದೆ, ಛಾವಣಿಗೆ ಇನ್ನೂ ಫರಸಿ ಹಾಕಿಲ್ಲ. ಅಂಥವನನ್ನು ಚಿಂಚೋಳಿ ಆಚೆಗೆ ಎತ್ತಿ ಒಗೆಯುವ ಅರ್ಜಿ, ಅದೂ ನನ್ನ ಹ್ಯಾಂಡ್‌ರೈಟಿಂಗಿನಲ್ಲಿ. ಒಂದು ತಿಂಗಳು ಬಂಡಿ ಎಣಿಸಿದವಳು ನಾನು. ನಾನು ಉರುಳಿಸಿದ ಬಂಡಿ ನನಗೇ ಕಂಡಿರಲಿಲ್ಲ.

"ಅವನದು ತಪ್ಪಿಲ್ಲ. ಫೋನ್ ಮಾಡಿ, ಸ್ಪಾರ್ಕ್ ಅಂತ ಸುಳ್ಳು ಹೇಳಿ ತೆಗೆಸಿದ್ದು ನಾನು" ಎಂದೆ.

ಎಲ್ಲರೂ ನಕ್ಕರು. "ಸುಮ್ಮ ಕುಂದ್ರವಾ!" ಎಂದಳು ಮಹಾದೇವಿ. "ನೀ ಸುಳ್ಳು ಹೇಳ್ತಿ? ಮಗನ ಲಗ್ನದಾಗ ಹೊಸಾ ಇಳಕಲ್ ಸೀರಿ ಉಟ್ಟು ಹೆಂಗ ಕಾಣ್ತೀನಿ ಅಂದ್ರ, ಜ್ವಾಳದ ಚೀಲ ಕಂಡಂಗ ಅಂದಾಕಿ ನೀ. ಅವನ್ನ ಉಳಸಾಕ ಹಿಂಗ ಅನ್ನಾಕತ್ತೀದಿ. ನೀ ಬರೀದಿದ್ರ ಬಿಡು, ನಾವೇ ಬರೀತೀವಿ."

ಸತ್ಯ ಹೇಳಿಯೇ ಅಭ್ಯಾಸವಾದವರಿಗೆ ಇದೊಂದು ಕಷ್ಟ: ನಾವು ಸುಳ್ಳು ಹೇಳಿದ್ದೆವೆಂದರೆ ಯಾರೂ ನಂಬುವುದಿಲ್ಲ. ಬೇರೆ ದಾರಿ ಕಾಣಲಿಲ್ಲ. ಫೋನ್ ತೆಗೆದೆ, ಕರ್ಚೀಫು ಮುಚ್ಚಿದೆ, ಎಲ್ಲರೆದುರಿಗೆ ಗಂಡಸಿನ ದನಿ ತೆಗೆದೆ: "ಕಂಬದಾಗ ಸ್ಪಾರ್ಕ್ ಆಗಾಕತ್ತದ, ಲಗೂ ಲೈನ್ ತೆಗಿ." ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಮಹಾದೇವಿಯ ತಲೆಯ ಮೇಲಿನ ಫ್ಯಾನು ಉಸಿರು ಬಿಟ್ಟು ನಿಂತಿತು.

ಅವಳು ಫ್ಯಾನನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. "ಇಷ್ಟು ದಿನ ನನ್ನ ಮೋಟರಿನ ಕುತ್ತಿಗಿ ಹಿಚಿಕಿದಾಕಿ ನೀನಾ?" ಎಂದಳು. "ಹೂಂ" ಎಂದೆ. ಸೆಕೆ ತಡೆಯಲಾರದೆ ಅರ್ಜಿಯ ಹಾಳೆಯನ್ನು ಎರಡು ಮಡಿಕೆ ಮಾಡಿ ಗಾಳಿ ಹಾಕಿಕೊಳ್ಳತೊಡಗಿದಳು. ಅಲ್ಲಿಗೆ ಅರ್ಜಿ ಮುಗಿಯಿತೆಂದು ಎಲ್ಲರಿಗೂ ತಿಳಿಯಿತು.

ಅಷ್ಟರಲ್ಲಿ ಏಣಿ ಹೊತ್ತು ಖಾಜಾ ಬಂದ. ಕಂಬ ಹತ್ತಿ, ಎಲ್ಲ ನೋಡಿ ಇಳಿದ. ನಾನು ಹೋಗಿ, ಪಲ್ಲವಿಯೆದುರಿಗೇ, ಸಾರಿ ಎಂದೆ.

"ಅಯ್ಯ, ಬಿಡ್ರಿ ಟೀಚರ್‌ಬಾಯಿ. ಸ್ಪಾರ್ಕ್ ಅಂತ ಯಾರು ಅಂದ್ರೂ ಲೈನ್ ತೆಗೀಲೇಬೇಕ್ರಿ, ರೂಲ್ ಅದ. ಸುಳ್ಳಂತ ಗೊತ್ತಿದ್ರೂ ತೆಗೀಬೇಕು. ಒಂದಿನ ಖರೇ ಆದ್ರ?"

"ಅಜ್ಜಿ," ಪಲ್ಲವಿ ನನ್ನ ಸೆರಗು ಜಗ್ಗಿದಳು, "ಲಾಫುಲ್ ಗುಡ್! ಸಿಕ್ಕ!"

"ಸುಳ್ಳಂತ ನಿನಗೆ ಗೊತ್ತಿತ್ತೇ?" ಎಂದೆ, ಕರ್ಚೀಫನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡೇ. "ಮತ್ತೆ ಓಣಿಯವರಿಗೆ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ. ಹಸೀನಾಬಿ ಕೊಡಾನೂ ತುಂಬ್ತಿತ್ತು" ಎನ್ನುತ್ತ ಸಂಕೋಚದಿಂದ ತನ್ನ ಫೋನ್ ತೋರಿಸಿದ. ಅದರಲ್ಲಿ ಕನ್ನಡಕ ಹಾಕಿಕೊಂಡ ನನ್ನದೇ ಫೋಟೋ, ಪಲ್ಲವಿ ತೆಗೆದು ನನ್ನ ವಾಟ್ಸಾಪಿನ ಡೀಪಿಗೆ ಹಾಕಿದ್ದು. ಅದರ ಮೇಲೆ ಅವನು ಸೇವ್ ಮಾಡಿಟ್ಟ ಹೆಸರು: ಸ್ಪಾರ್ಕ್‌ಬಾಯಿ.

ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಸ್ವಲ್ಪ. "ಡಿಲೀಟ್ ಮಾಡ್ಲೇನ್ರಿ?" ಎಂದು ಖಾಜಾ ಬೆರಳು ಎತ್ತಿದ. ನಾನು ಆಚೆ ಈಚೆ ನೋಡಿ, ಗಂಡಸಿನ ದನಿಯಲ್ಲೇ, "ಬ್ಯಾಡ, ಇರಲಿ ಬಿಡು" ಎಂದೆ.