ಗರಿಷ್ಠ ಇಪ್ಪತ್ಮೂರು, ಕನಿಷ್ಠ ಸೊನ್ನೆ

ಸೋಮಾರಿಗಳಲ್ಲಿ ಎರಡು ಜಾತಿ. ಕೆಲಸವನ್ನೇ ಮಾಡದವರದು ಒಂದು, ಕೆಲಸ ಕಡಿಮೆ ಮಾಡಿಕೊಳ್ಳಲೆಂದು ಹಗಲೆಲ್ಲ ದುಡಿಯುವವರದು ಇನ್ನೊಂದು. ಮೊದಲನೆಯವರಿಂದ ಲೋಕಕ್ಕೆ ಅಂಥ ತೊಂದರೆಯಿಲ್ಲ. ಗೋಡೆಗೊರಗಿ ಕೂತಿರುತ್ತಾರೆ, ಅಷ್ಟೆ. ನಾನು ಎರಡನೆಯ ಜಾತಿಯವನು. ನನ್ನ ದೆಸೆಯಿಂದ ಒಮ್ಮೆ ಹಿಂದೂಪುರದಲ್ಲಿ ಒಬ್ಬ ನಿರಪರಾಧಿಯ ಕೆಲಸ ಹೋಗುವುದರಲ್ಲಿತ್ತು. ಲಕ್ಷಗಟ್ಟಲೆ ಜೀವಗಳು ಬೆಂಕಿಗೆ ಬೀಳುವುದರಲ್ಲಿದ್ದವು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಲ್ಲಿನ ಒಂದು ರೇಷ್ಮೆಮೊಟ್ಟೆ ಕೇಂದ್ರದಲ್ಲಿ ಗುಮಾಸ್ತ. ಚಿಟ್ಟೆಗಳು ಹಾಳೆಯ ಮೇಲಿಟ್ಟ ಮೊಟ್ಟೆಗಳನ್ನು ತಣ್ಣನೆಯ ಕೋಣೆಯಲ್ಲಿ ಐದು ಡಿಗ್ರಿಯಲ್ಲಿ ಕಾಪಾಡಿ, ಹಿಪ್ಪುನೇರಳೆ ಬೆಳೆದ ರೈತರಿಗೆ ಕೊಡುವುದು ನಮ್ಮ ಕಸುಬು. ನಡುವೆ ಸೆಕೆ ತಗುಲಿದರೆ ಮೊಟ್ಟೆ ಕೆಟ್ಟಂತೆ. ಆ ಕೋಣೆಯ ಉಸ್ತುವಾರಿ ಗಂಗಪ್ಪನದು. ದಿನಕ್ಕೆರಡು ಸಲ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ 'ಐದು' ಎಂದು ಬರೆಯುತ್ತಿದ್ದ. ಮ್ಯಾನೇಜರಿಗೆ ಇದು ಸಾಲದೆ, ಗಂಟೆಗೊಮ್ಮೆ ತಾನೇ ಅಳೆದು ದಾಖಲಿಸುವ ಪೆಟ್ಟಿಗೆಯೊಂದನ್ನು ತಂದು ಅಲ್ಲಿ ಬಿಗಿಸಿದರು. ಅದು ದಾಖಲಿಸಿದ್ದು ಬೈನರಿಯಲ್ಲಿ. ಎಂದರೆ ಸಾಲಿಲ್ಲ, ಅಂತರವಿಲ್ಲ, ಯಾವ ಅಂಕಿ ಯಾವುದೆಂಬ ಹೆಸರಿಲ್ಲ. ದಿನ, ಗಂಟೆ, ಸೆಕೆ, ತೇವ ಎಂದು ನಾಲ್ಕು ನಾಲ್ಕರ ಕಂತೆಯಾಗಿ ಎರಡು ತಿಂಗಳ ಅಂಕಿಗಳೆಲ್ಲ ಹುಣಸೆಹಣ್ಣಿನ ಉಂಡೆಯ ಹಾಗೆ ಅಂಟಿಕೊಂಡಿದ್ದವು. "ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗ್ತೀಯಲ್ಲಯ್ಯಾ, ಬಿಡಿಸಿಕೊಡು. ದಿನದ ಗರಿಷ್ಠ, ಕನಿಷ್ಠ, ಎರಡೇ ಸಾಕು" ಎಂದರು ಮ್ಯಾನೇಜರು.

ಒಂದೊಂದು ಅಂಕಿಯನ್ನು ಎತ್ತಿಕೊಳ್ಳಲು ಐದಾರು ಸಾಲು ಬರೆಯಬೇಕು. ಸೋಮಾರಿಗೆ ಅದಾಗುತ್ತದೆಯೇ? ಕ್ಲಾಸಿನ ಮೇಷ್ಟ್ರು ಮ್ಯಾಕ್ರೋ ಎಂಬುದನ್ನು ಹೇಳಿಕೊಟ್ಟಿದ್ದರು. ನಮ್ಮಮ್ಮ ಒಳಗಿನಿಂದ "ಒಗ್ಗರಣೆ ಹಾಕೇ" ಎಂದರೆ ಸಾಕು. ಎಣ್ಣೆ ಕಾಯಿಸು, ಸಾಸಿವೆ ಸಿಡಿಸು, ಕರಿಬೇವು ಉದುರಿಸು ಎಂದು ನನ್ನ ಹೆಂಡತಿಗೆ ಬಿಡಿಸಿ ಹೇಳಬೇಕಿಲ್ಲ. ಮ್ಯಾಕ್ರೋ ಎಂದರೂ ಅಷ್ಟೆ: ಒಂದು ಪದ ಕೊಟ್ಟರೆ ಅದರ ಹಿಂದಿನ ಹತ್ತು ಮಾತುಗಳನ್ನು ಯಂತ್ರ ತಾನೇ ಹಾಕಿಕೊಳ್ಳುತ್ತದೆ. ಹೀಗೆ ನನ್ನದೇ ಒಂದು ಪುಟ್ಟ ಭಾಷೆ ಕಟ್ಟಿದೆ. ಇಂಗ್ಲಿಷ್ ಅಕ್ಷರಗಳಲ್ಲಿ 'ದಿನ', 'ಬಿಡು', 'ಸೆಕೆ' ಎಂದು ಮೂರೇ ಪದ. ಗಂಟೆ ನನಗೆ ಬೇಕಿರಲಿಲ್ಲ, ಅದಕ್ಕೇ 'ಬಿಡು'. ಕೊನೆಯ ತೇವಕ್ಕೆ ಪದವೇ ಬೇಡ, ಪ್ರತಿ ಸಲವೂ ಹೊಸ ಕಂತೆಯ ಮೊದಲಿನಿಂದಲೇ ಓದು ಶುರು. ಪ್ರೋಗ್ರಾಮನ್ನು ನಾನೇ ನಾಲ್ಕು ಸಲ ಓದಿ ಹಿಗ್ಗಿದೆ. ಪ್ರಿಂಟರಿನಿಂದ ಕಾಗದ ಕಿರ್ರೆಂದು ಹೊರಬಂದಾಗ ಸಾಲುಗಳು ನೆಟ್ಟಗಿವೆಯೇ ಎಂದು ನೋಡಿದೆನೇ ಹೊರತು, ಅಂಕಿಗಳನ್ನು ನೋಡಲಿಲ್ಲ.

ಮ್ಯಾನೇಜರು ನೋಡಿದರು. ಗರಿಷ್ಠ ಇಪ್ಪತ್ಮೂರು, ಕನಿಷ್ಠ ಸೊನ್ನೆ. ಅವರ ಮುಖ ಕಪ್ಪಿಟ್ಟಿತು. "ಗಂಗಪ್ಪನ್ನ ಕರಿ!"

ಗಂಗಪ್ಪ ಸ್ವೆಟರಿನಲ್ಲೇ ಓಡಿಬಂದ. "ತಂಪಿನ ಮೆಷಿನ್ ಆಫ್ ಮಾಡಿ ಎಲ್ಲಿಗೆ ಹೋಗ್ತಿದ್ದೆ?" ಎಂದರು ಮ್ಯಾನೇಜರು.

"ಎಲ್ಲೂ ಹೋಗಿಲ್ಲ ಸಾರ್. ಪುಸ್ತಕದಾಗೆ ಐದು ಅಂತ ಬರ್ದಿವ್ನಲ್ಲ."

"ನಿನ್ನ ಪುಸ್ತಕ ಅಬದ್ಧ! ಕಂಪ್ಯೂಟರ್ ಅಬದ್ಧ ಹೇಳ್ತದಾ?"

ಗಂಗಪ್ಪ ನನ್ನತ್ತ ನೋಡಿದ. ನಾನು, ವಿದ್ಯಾವಂತ, ಕನ್ನಡಕ ಸರಿಮಾಡಿಕೊಂಡೆ. ಅಂಗಳದಲ್ಲಿ ಗುಂಡಿಗೆ ಸೌದೆ ಹಾಕಿ ಸೀಮೆಎಣ್ಣೆ ಸುರಿಯತೊಡಗಿದರು. ಕೆಟ್ಟ ಮೊಟ್ಟೆ ರೈತರ ಕೈಸೇರಬಾರದೆಂದು ಸುಡುವುದೇ ಪದ್ಧತಿ. ಇನ್ನು ನಾಳೆಯಿಂದ ಬರಬೇಡವೆಂದು ಮ್ಯಾನೇಜರು ಹೇಳಿದಾಗ ಗಂಗಪ್ಪ ಅಳಲಿಲ್ಲ. ಕೋಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ.

ಕಲ್ಯಾಣದುರ್ಗದ ಕಡೆಯಿಂದ ಮೊಟ್ಟೆಗೆಂದು ಬಂದಿದ್ದ ಅಂಜಿನಮ್ಮ ಒದ್ದೆಬಟ್ಟೆಯ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ನಸುಕಿಗೇ ಎದ್ದು ಎರಡು ಬಸ್ಸು ಹತ್ತಿ ಬಂದಿವ್ನಿ ಸಾಮೀ. ಸೊಪ್ಪು ಹದಕ್ಕೆ ಬಂದೈತೆ, ಇವತ್ತು ಮೊಟ್ಟೆ ಇಲ್ಲಾಂದ್ರೆ ಬಲ್ತೋಯ್ತದೆ. ಏನಂತೆ ಆ ಕಾಗ್ದದಾಗೆ?"

"ದಿನಾ ಇಪ್ಪತ್ಮೂರು ಡಿಗ್ರಿ ಸೆಕೆ ಆಗಿದೆಯಮ್ಮ" ಎಂದೆ.

"ದಿನಾನೂ ಇಪ್ಪತ್ಮೂರೇನಾ?"

"ಹೂಂ."

"ಒಂದಿನಾನೂ ಇಪ್ಪತ್ತೆರಡಿಲ್ವಾ? ಮೋಡ ಆದ ದಿನಾನೂ? ನಮ್ಮನೆ ಮಡಕೆ ನೀರೇ ದಿನಾ ಒಂದೇ ತರ ತಣ್ಣಗಿರಲ್ಲ ಕಣಪ್ಪ!"

ಮ್ಯಾನೇಜರ ಕೈಯಿಂದ ಕಾಗದ ಕಸಿದುಕೊಂಡು ನೋಡಿದೆ. ಅರವತ್ತು ದಿನ, ಅರವತ್ತು ಇಪ್ಪತ್ಮೂರು, ಅರವತ್ತು ಸೊನ್ನೆ. "ಬೆಂಕಿ ಹಚ್ಚಬೇಡಿ!" ಎಂದು ಕಿಟಕಿಯಿಂದ ಕೂಗಿ ಕಂಪ್ಯೂಟರಿನ ಮುಂದೆ ಕುಸಿದೆ. ಈ ಸಲ ಗರಿಷ್ಠ ಕನಿಷ್ಠ ಬಿಟ್ಟು ಎಲ್ಲ ಅಂಕಿಗಳನ್ನೂ ಪರದೆಗೆ ತರಿಸಿದೆ. ಸೊನ್ನೆ, ಒಂದು, ಎರಡು, ಮೂರು... ಇಪ್ಪತ್ಮೂರು. ಮತ್ತೆ ಸೊನ್ನೆ, ಒಂದು, ಎರಡು. ಯಾವ ಶಾಲೆಯ ಮಗುವಿಗೂ ಗೊತ್ತಾಗುವಂತೆ, ಅದು ಗಡಿಯಾರ! ನಾನು ಗಂಟೆಯನ್ನು ಸೆಕೆಯೆಂದು ಓದಿದ್ದೆ. ಯಂತ್ರಕ್ಕೆ 'ಬಿಡು' ಎಂದಿದ್ದೆನೇ ಹೊರತು, ಆ ಪದದ ಹಿಂದೆ 'ಬಿಟ್ಟು ಒಂದು ಹೆಜ್ಜೆ ಮುಂದೆ ಹೋಗು' ಎಂಬ ಸಾಲು ಬರೆಯುವುದನ್ನೇ ಮರೆತಿದ್ದೆ. ಅದು ಪಾಪ ನಿಂತಲ್ಲೇ ನಿಂತು ಗಂಟೆಯನ್ನೇ ಎತ್ತಿ ಕೊಟ್ಟಿತ್ತು.

ಆ ಒಂದು ಸಾಲು ಸೇರಿಸಿದೆ. ಐದು, ಐದು, ಐದು, ಒಮ್ಮೆ ಆರು, ಮತ್ತೆ ಐದು.

"ಏನಯ್ಯಾ, ಕಂಪ್ಯೂಟರ್ ಕೆಟ್ಟಿತ್ತಾ?" ಎಂದರು ಮ್ಯಾನೇಜರು. ಹೂಂ ಎನ್ನಲು ಬಾಯಿ ತೆರೆದೆ. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಗಂಗಪ್ಪ ಎದುರಿಗೇ ಇದ್ದ. "ಇಲ್ಲ ಸಾರ್, ನಂದೇ ತಪ್ಪು" ಎಂದೆ. ಮ್ಯಾನೇಜರು ತೆಲುಗಿನಲ್ಲಿ ಅಂದದ್ದನ್ನು ನಾನಿಲ್ಲಿ ಬರೆಯಲಾರೆ.

ಅಂಜಿನಮ್ಮ ಮೊಟ್ಟೆ ಹಾಳೆಗಳನ್ನು ಚೀಲಕ್ಕಿಳಿಸಿಕೊಂಡು ಬಸ್ಸಿಗೆ ಓಡಿದಳು. ಗಂಗಪ್ಪ ಬೀಗದ ಕೈ ಎತ್ತಿಕೊಂಡ. ಕ್ಷಮೆ ಕೇಳೋಣವೆಂದು ಹಿಂದೆಯೇ ಹೋದೆ. ಅವನು ನನ್ನ ತೋಳು ಹಿಡಿದು ತಣ್ಣನೆಯ ಕೋಣೆಯೊಳಗೆ ಕರೆದೊಯ್ದು ಬಾಗಿಲು ಹಾಕಿದ. ಅವನ ಮೈಮೇಲೆ ಸ್ವೆಟರ್, ನನ್ನ ಮೈಮೇಲೆ ಅರ್ಧ ತೋಳಿನ ಅಂಗಿ. ಮೂರು ವರ್ಷ ಅಲ್ಲಿ ಸಂಬಳ ಎಣಿಸಿದ್ದರೂ ನಾನು ಆ ಕೋಣೆಗೆ ಕಾಲಿಟ್ಟಿರಲಿಲ್ಲ.

ಹತ್ತು ನಿಮಿಷ ಬಿಟ್ಟು ಕೇಳಿದ: "ಈಗ ಎಷ್ಟೈತೆ ಸಾರ್?"

"ಐ... ಐ... ಐದು" ಎಂದೆ, ಹಲ್ಲು ಕಟಕಟ ಬಡಿಯುತ್ತ.

"ಬರ್ಕೊಳಿ" ಎಂದು ಪುಸ್ತಕ ಕೊಟ್ಟ. ಬರೆದೆ. ಅಂಕಿ ಸೊಟ್ಟಗೆ ಬಂತೆಂದು ಅವನು ಮತ್ತೊಮ್ಮೆ ಬರೆಸಿದ.